ಏಳು ಸಹಿ, ಏಳು ತಿಂಗಳು

ಕಾರ್ಮಿಕರು ಸಂಘ ಕಟ್ಟಲು ಹೊರಟಾಗ ಮಾಲೀಕರು ಏನು ಮಾಡುತ್ತಾರೆ? ಪೆರಂಬೂರಿನ ಗಿರಣಿಯಿಂದ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ವರೆಗೆ, ನೂರು ವರ್ಷಗಳಲ್ಲಿ ಉತ್ತರ ಅಷ್ಟೇನೂ ಬದಲಾಗಿಲ್ಲ.

ತಮಿಳುನಾಡಿನ ಶ್ರೀಪೆರಂಬದೂರಿನ ಹತ್ತಿರ ಸ್ಯಾಮ್‌ಸಂಗ್ ಕಂಪನಿಯ ದೊಡ್ಡ ಕಾರ್ಖಾನೆ ಇದೆ. 2007ರಿಂದ ಅಲ್ಲಿ ಟಿ.ವಿ., ಫ್ರಿಜ್, ವಾಷಿಂಗ್ ಮಷೀನ್‌ಗಳು ತಯಾರಾಗುತ್ತಿವೆ. ಸುಮಾರು 1,800 ಕಾರ್ಮಿಕರಿದ್ದರೂ ಹದಿನೇಳು ವರ್ಷ ಅಲ್ಲಿ ಒಂದು ಸಂಘ ಇರಲಿಲ್ಲ. 2024ರ ನಡುವಿನಲ್ಲಿ ಅವರು ಸಿಐಟಿಯು ಕಾರ್ಮಿಕ ಒಕ್ಕೂಟದ ಬೆಂಬಲದೊಂದಿಗೆ ಸಂಘ ಕಟ್ಟಿಕೊಂಡು ನೋಂದಣಿಗೆ ಅರ್ಜಿ ಹಾಕಿದರು. ಕಂಪನಿ ಎತ್ತಿದ ಆಕ್ಷೇಪ ವಿಚಿತ್ರವಾಗಿತ್ತು. ಸಂಘದ ಹೆಸರಿನಲ್ಲಿ ‘ಸ್ಯಾಮ್‌ಸಂಗ್’ ಎಂಬ ಪದ ಇರಕೂಡದು, ಅದು ತನ್ನ ಟ್ರೇಡ್‌ಮಾರ್ಕ್ ಎಂದಿತು. ಸಂಘ ವ್ಯಾಪಾರ ಮಾಡುವುದಿಲ್ಲ, ಟಿ.ವಿ. ಮಾರುವುದಿಲ್ಲ. ಯಾವ ಕಾರ್ಖಾನೆಯ ಕಾರ್ಮಿಕರು ಎಂದು ಹೇಳಿಕೊಳ್ಳಲು ಆ ಕಾರ್ಖಾನೆಯ ಹೆಸರನ್ನು ಇಟ್ಟುಕೊಳ್ಳುವುದು ಈ ದೇಶದಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಆದರೂ ಕಡತ ಅಲ್ಲಾಡಲಿಲ್ಲ.

ಸೆಪ್ಟೆಂಬರ್ 9ರಂದು ಮುಷ್ಕರ ಶುರುವಾಯಿತು. ಕೆಲಸ ಇಲ್ಲದಿದ್ದರೆ ಸಂಬಳ ಇಲ್ಲ ಎಂಬ ನೋಟಿಸು ಬಂತು, ಕೆಲಸವೇ ಹೋಗಬಹುದು ಎಂಬ ಎಚ್ಚರಿಕೆಯೂ ಬಂತು. ಅಕ್ಟೋಬರ್ ಮೊದಲ ವಾರದಲ್ಲಿ ಕಂಪನಿ ತಾನು ಒಪ್ಪಿಕೊಂಡ ‘ಕಾರ್ಮಿಕರ ಸಮಿತಿ’ಯೊಂದರ ಜೊತೆ ಮಾತಾಡಿ, ತಿಂಗಳಿಗೆ 5,000 ರೂಪಾಯಿ ವಿಶೇಷ ಪ್ರೋತ್ಸಾಹಧನ ಘೋಷಿಸಿತು. ಇದಾದ ಒಂದೆರಡು ದಿನದಲ್ಲೇ ಮುಷ್ಕರದ ಶಾಮಿಯಾನವನ್ನು ಪೊಲೀಸರು ಕಿತ್ತರು. 37 ದಿನಗಳ ನಂತರ, ಸರ್ಕಾರದ ಮಧ್ಯಸ್ಥಿಕೆಯಲ್ಲಿ ಮುಷ್ಕರ ಮುಗಿಯಿತು. ನೋಂದಣಿಯ ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಗಿ, ನಿಗದಿತ ಅವಧಿಯೊಳಗೆ ತೀರ್ಮಾನಿಸಿ ಎಂದು ನ್ಯಾಯಾಲಯವೇ ಹೇಳಬೇಕಾಯಿತು. 2025ರ ಜನವರಿ ಕೊನೆಗೆ ಸಂಘ ನೋಂದಣಿಯಾಯಿತು. ಫೆಬ್ರುವರಿಯಲ್ಲಿ ಸಂಘದ ಪ್ರಮುಖರು ಸಸ್ಪೆಂಡ್ ಆದರು.

ಕಾನೂನಿನ ಪ್ರಕಾರ ನೋಂದಣಿ ಅರ್ಜಿಗೆ ಬೇಕಾದದ್ದು ಏಳು ಜನರ ಸಹಿ. ಜೊತೆಗೆ ಕಾರ್ಖಾನೆಯ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯತ್ವ. ಸಾವಿರಕ್ಕೂ ಹೆಚ್ಚು ಜನರ ಬೆಂಬಲವಿದ್ದ ಈ ಸಂಘಕ್ಕೆ ನೋಂದಣಿಯ ಕಾಗದ ಸಿಗಲು ಹತ್ತಿರ ಹತ್ತಿರ ಏಳು ತಿಂಗಳು ಹಿಡಿಯಿತು. ಮಾಲೀಕರ ಪ್ರತಿಕ್ರಿಯೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಗೂಂಡಾಗಳು, ಲಾಠಿ, ಬೀಗ ಜಡಿದ ಗೇಟು. ಅವೂ ಉಂಟು. ಆದರೆ ಅವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ, ಖರ್ಚು ಕಡಿಮೆಯ, ಕೈಗೆ ರಕ್ತ ಅಂಟದ ಆಯುಧವೆಂದರೆ ವಿಳಂಬ. ಸಂಬಳದ ಮೇಲೆ ಬದುಕುವವನು ಎಷ್ಟು ತಿಂಗಳು ಕಾಯಬಲ್ಲ ಎಂಬ ಲೆಕ್ಕ ಮಾಲೀಕನಿಗೆ ಚೆನ್ನಾಗಿ ಗೊತ್ತು. ಆ ಸಂಬಳ ಕೊಡುವವನು ಅವನೇ ತಾನೆ.

ಪೆರಂಬೂರಿನ ಪಾಠ

ಈ ಕಥೆಯ ಬೇರು ಅದೇ ಮದ್ರಾಸಿನಲ್ಲಿದೆ. ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಬಿನ್ನಿ ಕಂಪನಿಯವು. ಬೆಂಗಳೂರಿನ ಹಳಬರು ‘ಬಿನ್ನಿ ಮಿಲ್’ ಎನ್ನುವ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯನ್ನು ನಡೆಸುತ್ತಿದ್ದದ್ದೂ ಇದೇ ಕಂಪನಿ. ಗಿರಣಿ ಕೆಲಸಗಾರರ ಕಷ್ಟ ನೋಡಿದ ಸೆಲ್ವಪತಿ ಚೆಟ್ಟಿ, ರಾಮಾನುಜುಲು ನಾಯ್ಡು ಎಂಬ ಇಬ್ಬರು ವರ್ತಕರು ಅನಿಬೆಸೆಂಟರ ಒಡನಾಡಿ ಬಿ.ಪಿ. ವಾಡಿಯಾ ಅವರನ್ನು ಕರೆತಂದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘ ಎಂಬ ಹೆಸರು ಅದಕ್ಕಿದೆ.

ಕಂಪನಿ ಸಂಘಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 1920ರ ಕೊನೆಯಲ್ಲಿ ವಿವಾದ ತಾರಕಕ್ಕೇರಿದಾಗ ಬಿನ್ನಿ ಹೈಕೋರ್ಟಿಗೆ ಹೋಯಿತು. ಕಾರ್ಮಿಕರನ್ನು ಕೆಲಸದ ಕರಾರು ಮುರಿಯಲು ಪ್ರಚೋದಿಸಿದರು ಎಂದು ವಾಡಿಯಾ ಮತ್ತು ಸಂಗಡಿಗರ ಮೇಲೆ ದಾವೆ ಹೂಡಿ, ಭಾರೀ ಪರಿಹಾರ ಕೇಳಿತು. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಬ್ರಿಟಿಷ್ ಭಾರತದ ಕಾನೂನಿನ ಕಣ್ಣಿನಲ್ಲಿ ಸಂಘದ ನಾಯಕ ಆಗ ಬರೀ ಒಬ್ಬ ಸಂಚುಗಾರ. ಕೊನೆಗೆ ವಾಡಿಯಾ ಕಾರ್ಮಿಕ ಚಳವಳಿಯಿಂದಲೇ ಹಿಂದೆ ಸರಿಯಬೇಕಾಯಿತು.

1921ರಲ್ಲಿ ಅದೇ ಗಿರಣಿಗಳಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಆಗ ಇನ್ನೊಂದು ಆಯುಧ ಹೊರಬಂತು. ಮೊದಲೇ ಕಡುಬಡತನದಲ್ಲಿದ್ದ, ಸಂಘದಲ್ಲಿ ತಮಗೆ ಸರಿಯಾದ ಸ್ಥಾನವಿಲ್ಲ ಎಂದುಕೊಂಡಿದ್ದ ಆದಿದ್ರಾವಿಡ (ದಲಿತ) ಕಾರ್ಮಿಕರು ಕೆಲಸಕ್ಕೆ ಮರಳಿದರು. ಆಡಳಿತ ವರ್ಗ ಮತ್ತು ಸರ್ಕಾರ ಈ ಬಿರುಕಿನ ಲಾಭ ಪಡೆದವು. ಮುಷ್ಕರ ಜಾತಿ ಜಗಳವಾಗಿ ಪುಳಿಯಂತೋಪಿನಲ್ಲಿ ಗುಡಿಸಲುಗಳು ಉರಿದವು, ಗುಂಡು ಹಾರಿತು, ಜನ ಸತ್ತರು. ಸಂಘ ಸೋತಿತು. ಇಲ್ಲಿ ಮಾಲೀಕರ ಜಾಣತನವನ್ನಷ್ಟೇ ಬೈದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ತನ್ನೊಳಗಿನ ಜಾತಿಯನ್ನು ಎದುರಿಸದ ಸಂಘ ಬಿರುಕನ್ನು ತಾನೇ ಸಿದ್ಧ ಮಾಡಿ ಇಟ್ಟಿರುತ್ತದೆ. ಮಾಲೀಕ ಅದಕ್ಕೆ ಬೆಣೆ ಹೊಡೆಯುತ್ತಾನೆ.

ಈ ಸೋಲಿನಿಂದ ಒಂದು ಕಾನೂನು ಹುಟ್ಟಿತು. ವಾಡಿಯಾ ಮೇಲಿನ ದಾವೆ ದೇಶದಾದ್ಯಂತ ಚರ್ಚೆಯಾಯಿತು. 1921ರಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೆ ರಕ್ಷಣೆ ಕೊಡುವ ಕಾಯ್ದೆ ಬೇಕೆಂದು ನಿರ್ಣಯ ಮಂಡಿಸಿದರು. ಅದರ ಫಲವೇ 1926ರ ಕಾರ್ಮಿಕ ಸಂಘಗಳ ಕಾಯ್ದೆ. ನೋಂದಾಯಿತ ಸಂಘದ ಪದಾಧಿಕಾರಿಗಳ ಮೇಲೆ ಒಳಸಂಚಿನ ಮೊಕದ್ದಮೆ ಹೂಡುವಂತಿಲ್ಲ, ಕರಾರು ಮುರಿಸಿದರೆಂದು ಪರಿಹಾರದ ದಾವೆ ಹಾಕುವಂತಿಲ್ಲ ಎಂದು ಅದರ 17 ಮತ್ತು 18ನೇ ಕಲಮುಗಳು ಹೇಳಿದವು. ಮೈಸೂರು ಸಂಸ್ಥಾನಕ್ಕೆ ಈ ಕಾಯ್ದೆ ಅನ್ವಯಿಸಲಿಲ್ಲ. ಇಲ್ಲಿನ ಸಂಘಗಳಿಗೆ ಕಾನೂನಿನ ನೆಲೆ ಸಿಗಲು 1940ರ ದಶಕದವರೆಗೆ ಕಾಯಬೇಕಾಯಿತು.

ನೋಂದಣಿ ಸರಿ, ಮಾನ್ಯತೆ ಎಲ್ಲಿ?

ವಾಡಿಯಾ ಅವರನ್ನು ಕಟ್ಟಿಹಾಕಿದ ಬಾಗಿಲನ್ನು 1926ರ ಕಾಯ್ದೆ ಮುಚ್ಚಿತು. ಆದರೆ ಪಕ್ಕದ ಬಾಗಿಲನ್ನು ಹಾಗೇ ತೆರೆದಿಟ್ಟಿತು. ಸಂಘವನ್ನು ಸರ್ಕಾರದಲ್ಲಿ ನೋಂದಾಯಿಸಬಹುದು. ಆದರೆ ಮಾಲೀಕ ಅದರ ಜೊತೆ ಮಾತಾಡಲೇಬೇಕು ಎಂದು ಕಾಯ್ದೆ ಎಲ್ಲೂ ಹೇಳಲಿಲ್ಲ. ಅರ್ಜಿಯನ್ನು ಇಷ್ಟು ದಿನದೊಳಗೆ ಇತ್ಯರ್ಥ ಮಾಡಬೇಕೆಂಬ ಗಡುವನ್ನೂ ಹಾಕಲಿಲ್ಲ.

ಈ ಕೊರತೆ ಸರ್ಕಾರಕ್ಕೆ ತಿಳಿಯದೆ ಇರಲಿಲ್ಲ. 1947ರಲ್ಲಿ ತಿದ್ದುಪಡಿ ಕಾಯ್ದೆಯೊಂದು ಅಂಗೀಕಾರವಾಯಿತು. ಪ್ರಾತಿನಿಧ್ಯವಿರುವ ಸಂಘಕ್ಕೆ ಮಾಲೀಕ ಮಾನ್ಯತೆ ಕೊಡಬೇಕು, ಕೊಡದಿದ್ದರೆ ಕಾರ್ಮಿಕ ನ್ಯಾಯಾಲಯ ಆದೇಶಿಸಬಹುದು, ಸಂಘ ಒಡೆಯಲು ಯತ್ನಿಸುವುದು ಅನುಚಿತ ಕ್ರಮ ಎಂದೆಲ್ಲ ಅದರಲ್ಲಿತ್ತು. ಆ ತಿದ್ದುಪಡಿಯನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಎಂದೂ ಹೊರಡಲಿಲ್ಲ. ಶಾಸನಸಭೆ ಒಪ್ಪಿದ ಕಾಯ್ದೆ ಪುಸ್ತಕದಲ್ಲೇ ಉಳಿಯಿತು. ಮಹಾರಾಷ್ಟ್ರ, ಪಶ್ಚಿಮ ಬಂಗಾಳ, ಕೇರಳ ಮಾನ್ಯತೆಗೆ ತಮ್ಮದೇ ಕಾನೂನಿನ ದಾರಿ ಮಾಡಿಕೊಂಡವು. ಉಳಿದ ಕಡೆ ಅದು ಬಹುಪಾಲು ಮಾಲೀಕರ ಮರ್ಜಿಯ ವಿಷಯವಾಯಿತು.

ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕು ಎನ್ನುತ್ತದೆ. ಆದರೆ ಬ್ಯಾಂಕ್ ನೌಕರರ ಪ್ರಕರಣದಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಆ ಹಕ್ಕಿನ ಗಡಿ ಗೀಚಿತು. ಸಂಘ ಕಟ್ಟುವ ಹಕ್ಕಿನ ಒಳಗೆ ಪರಿಣಾಮಕಾರಿಯಾಗಿ ಚೌಕಾಸಿ ಮಾಡುವ ಹಕ್ಕಾಗಲಿ, ಮುಷ್ಕರದ ಹಕ್ಕಾಗಲಿ ಅಡಗಿಲ್ಲ ಎಂದಿತು. ಸಂಘ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಸಿ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಇನ್ನೂ ಅನುಮೋದಿಸಿಲ್ಲ.

ಅಂದರೆ ಕಟ್ಟಿಕೊಳ್ಳಿ, ಆದರೆ ಕರೆದು ಕೂರಿಸಿ ಮಾತಾಡುತ್ತಾರೆಂದು ನಿರೀಕ್ಷಿಸಬೇಡಿ. ಕಟ್ಟುವುದಕ್ಕೂ ಮಾತುಕತೆಯ ಮೇಜಿಗೂ ನಡುವಿನ ಈ ಬಯಲಿನಲ್ಲೇ ಮಾಲೀಕರ ಆಟ ನಡೆಯುತ್ತದೆ.

ಒಂದರ ಹಿಂದೆ ಒಂದು

ಆ ಆಟಕ್ಕೆ ಹೆಚ್ಚುಕಡಿಮೆ ಒಂದು ಕ್ರಮವಿದೆ. ಮೊದಲು, ಸಹಿ ಹಾಕಿದ ಏಳು ಜನ ಯಾರು ಎಂದು ಪತ್ತೆಯಾಗುತ್ತದೆ. ಅರ್ಜಿ ಇಲಾಖೆಗೆ ಹೋದ ಮೇಲೆ ಆ ಹೆಸರುಗಳು ಗುಟ್ಟಾಗಿ ಉಳಿಯುವುದು ಅಪರೂಪ. ಎಚ್.ಆರ್. ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಒಬ್ಬನಿಗೆ ಬಡ್ತಿಯ ಮಾತು, ಇನ್ನೊಬ್ಬನಿಗೆ ದೂರದ ಘಟಕಕ್ಕೆ ವರ್ಗಾವಣೆ. ಮೂರನೆಯವನಿಗೆ ‘ಸೂಪರ್‌ವೈಸರ್’ ಪಟ್ಟ. ಮೇಲ್ವಿಚಾರಕನಾಗಿ ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಬಂತೆಂದರೆ ಅವನು ಕೈಗಾರಿಕಾ ಕಾನೂನಿನ ‘ಕಾರ್ಮಿಕ’ನೇ ಅಲ್ಲ.

ಗಾರ್ಮೆಂಟ್ಸ್‌ನಲ್ಲಿ ಈ ಒತ್ತಡದ ಬಗೆ ಬೇರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಂಘದ ಮಾತು ಎತ್ತಿದವಳನ್ನು ರೂಢಿಯಾದ ಲೈನಿನಿಂದ ಎಬ್ಬಿಸಿ ಕಷ್ಟದ ಆಪರೇಷನ್‌ಗೆ ಹಾಕುವುದು, ತಾಸಿನ ಟಾರ್ಗೆಟ್ ಏರಿಸುವುದು, ಎಲ್ಲರೆದುರು ಬೈಯುವುದು, ರಜೆ ಕೊಡದಿರುವುದು, ಮನೆಯವರ ಕಿವಿಗೆ ಮಾತು ಮುಟ್ಟಿಸುವುದು. ಇದ್ಯಾವುದಕ್ಕೂ ಕಾಗದದ ಮೇಲೆ ಸಾಕ್ಷಿ ಇರುವುದಿಲ್ಲ. ಟಾರ್ಗೆಟ್ ಮುಟ್ಟಲಿಲ್ಲ ಎಂಬುದಕ್ಕೆ ಮಾತ್ರ ಇರುತ್ತದೆ.

ಎರಡನೆಯದು ಸಮಿತಿ. ನೂರು ಮತ್ತು ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ವರ್ಕ್ಸ್ ಕಮಿಟಿ ಇರಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಾಲದಿಂದ ಬಂದ ಏರ್ಪಾಡು. ಕ್ಯಾಂಟೀನ್, ನೀರು, ಬೆಳಕಿನಂಥ ದಿನನಿತ್ಯದ ತಕರಾರು ಬಗೆಹರಿಸಲು ಅದು ಒಳ್ಳೆಯದೇ. ಆದರೆ ಸಂಘ ಬಂದ ಕೂಡಲೇ ಈ ಸಮಿತಿಗೆ ಇದ್ದಕ್ಕಿದ್ದಂತೆ ಜೀವ ಬರುತ್ತದೆ. ನಮ್ಮಲ್ಲಿ ಆಗಲೇ ಕಾರ್ಮಿಕ ಪ್ರತಿನಿಧಿಗಳಿದ್ದಾರೆ, ಹೊರಗಿನವರು ಯಾಕೆ ಎಂಬ ವಾದ ಹುಟ್ಟುತ್ತದೆ. ಸಂಘ ಕೇಳಿದ್ದರಲ್ಲಿ ಒಂದಿಷ್ಟನ್ನು ಸಮಿತಿಯ ಕೈಯಿಂದ ಕೊಡಿಸಿದರೆ ಕೆಲಸ ಅರ್ಧ ಮುಗಿಯಿತು. ನಾರ್ತ್‌ಬ್ರೂಕ್ ಸೆಣಬು ಕಂಪನಿಯ ಪ್ರಕರಣದಲ್ಲಿ 1960ರಲ್ಲೇ ಸುಪ್ರೀಂ ಕೋರ್ಟ್ ಇದರ ಮಿತಿ ಹೇಳಿದೆ. ಸೇವಾ ಷರತ್ತುಗಳನ್ನು ಬದಲಿಸುವ ಮಾತಿಗೆ ವರ್ಕ್ಸ್ ಕಮಿಟಿ ಸಂಘದ ಬದಲಿಯಲ್ಲ ಎಂದಿದೆ. ಅರವತ್ತು ವರ್ಷ ದಾಟಿದರೂ ಸಮಿತಿಯನ್ನು ಸಂಘದ ಜಾಗದಲ್ಲಿ ಕೂರಿಸುವ ಪ್ರಯತ್ನ ನಿಂತಿಲ್ಲ.

ಮೂರನೆಯದು ಶಿಸ್ತು. ತಡವಾಗಿ ಬಂದದ್ದು, ಮೇಲಿನವರ ಮಾತಿಗೆ ಎದುರಾಡಿದ್ದು ಇತ್ಯಾದಿ ಕಾರಣಕ್ಕೆ ಚಾರ್ಜ್‌ಶೀಟು, ಸಸ್ಪೆನ್ಷನ್, ಆಂತರಿಕ ವಿಚಾರಣೆ, ಕೊನೆಗೆ ವಜಾ. ಸಂಘ ಕಟ್ಟಿದ್ದಕ್ಕೆ ತೆಗೆದರು ಎಂದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. ವಜಾ ಆದವನು ಲೇಬರ್ ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು. ಗೆಲ್ಲುವ ಹೊತ್ತಿಗೆ ಆ ಕಾರ್ಖಾನೆಯಲ್ಲಿ ಸಂಘದ ಸುದ್ದಿಯೇ ಮರೆತುಹೋಗಿರುತ್ತದೆ. ಸಂಘ ಕಟ್ಟಿದ ಕಾರಣಕ್ಕೆ ಶಿಕ್ಷಿಸುವುದು, ಮಾಲೀಕರೇ ಕೈಗೊಂಬೆ ಸಂಘ ಹುಟ್ಟುಹಾಕುವುದು ಇವೆಲ್ಲ ಕೈಗಾರಿಕಾ ವಿವಾದಗಳ ಕಾಯ್ದೆಯ 1982ರ ತಿದ್ದುಪಡಿಯ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿಗಳಾಗಿದ್ದವು. ಅದಕ್ಕೆ ಆಗ ಇಟ್ಟಿದ್ದ ಶಿಕ್ಷೆ ಆರು ತಿಂಗಳವರೆಗಿನ ಜೈಲು ಅಥವಾ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಮೊಕದ್ದಮೆ ಹೂಡಲು ಸರ್ಕಾರವೇ ಮುಂದಾಗಬೇಕು ಇಲ್ಲವೇ ಅದರ ಅನುಮತಿ ಬೇಕು ಎಂಬ ಷರತ್ತಿನಿಂದ ಈ ಹಲ್ಲಿಲ್ಲದ ಕಾನೂನು ಯಾರನ್ನೂ ಹೆದರಿಸಲಿಲ್ಲ.

ನಾಲ್ಕನೆಯದು ಬೀಗಮುದ್ರೆ (ಲಾಕೌಟ್) ಮತ್ತು ಮುಚ್ಚಳಿಕೆ ಪತ್ರ. ಹರಿಯಾಣದ ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ 2011ರಲ್ಲಿ ಕಾರ್ಮಿಕರು ತಮ್ಮದೇ ಸಂಘ ಬೇಕೆಂದು ಜೂನ್ ತಿಂಗಳಲ್ಲಿ ಹದಿಮೂರು ದಿನ ಒಳಗೇ ಕೂತರು. ಆಗಸ್ಟ್ ಕೊನೆಗೆ ಕಂಪನಿ, ಒಳ್ಳೆಯ ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದವರಿಗಷ್ಟೇ ಒಳಗೆ ಪ್ರವೇಶ ಎಂದಿತು. ಆ ಬಿಕ್ಕಟ್ಟು ತಿಂಗಳು ದಾಟಿತು. ಅಕ್ಟೋಬರ್‌ನಲ್ಲಿ ಮತ್ತೆ ಮುಷ್ಕರ. ಅದು ಮುಗಿದ ಬೆನ್ನಿಗೇ ಚಳವಳಿಯ ಮುಂದಾಳುಗಳಲ್ಲಿ ಮೂವತ್ತು ಮಂದಿ ಹಣ ಪಡೆದು ಕೆಲಸ ಬಿಟ್ಟರು. ಉಳಿದವರು ಹೊಸ ನಾಯಕರನ್ನು ಆರಿಸಿ 2012ರ ಆರಂಭದಲ್ಲಿ ಸಂಘ ನೋಂದಾಯಿಸಿದರು. ಅದೇ ವರ್ಷ ಜುಲೈ 18ರಂದು ಕಾರ್ಖಾನೆಯಲ್ಲಿ ಹಿಂಸೆ ಭುಗಿಲೆದ್ದು, ಎಚ್.ಆರ್. ವಿಭಾಗದ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಸುಮಾರು 150 ಕಾರ್ಮಿಕರು ಜೈಲು ಸೇರಿದರು. 500ಕ್ಕೂ ಹೆಚ್ಚು ಕಾಯಂ ಕಾರ್ಮಿಕರು ಕೆಲಸ ಕಳೆದುಕೊಂಡರು. 2017ರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 117 ಮಂದಿ ಖುಲಾಸೆಯಾದರು. ಆ ಸಾವನ್ನು ಯಾವ ನ್ಯಾಯದ ಹೆಸರಲ್ಲೂ ಸಮರ್ಥಿಸಲಾಗದು. ಆದರೆ ಒಂದು ವರ್ಷ ಕಾಲ ಸಂಘವನ್ನು ಸತಾಯಿಸಿ, ಅದರ ಅನುಭವಿ ನಾಯಕರನ್ನು ಖಾಲಿ ಮಾಡಿದ ಮೇಲೆ, ಸಿಟ್ಟನ್ನು ಹಿಡಿದು ನಿಲ್ಲಿಸುವ ಕೈಗಳು ಅಲ್ಲಿ ಎಷ್ಟು ಉಳಿದಿದ್ದವು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಬಿಡದಿಯಿಂದ ಶ್ರೀರಂಗಪಟ್ಟಣಕ್ಕೆ

ಮುಚ್ಚಳಿಕೆಯ ಕಥೆ ಕರ್ನಾಟಕಕ್ಕೂ ಹೊಸದಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಸಂಘ ಇದೆ, ಮಾತುಕತೆಯೂ ನಡೆಯುತ್ತಿತ್ತು. ಆದರೂ 2006, 2014, 2020 ಹೀಗೆ ಮತ್ತೆ ಮತ್ತೆ ಗೇಟಿಗೆ ಬೀಗ ಬಿತ್ತು. 2020ರ ನವೆಂಬರ್‌ನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಸಸ್ಪೆನ್ಷನ್ ವಿರೋಧಿಸಿ ಕಾರ್ಮಿಕರು ಕೂತರು. ಕೆಲಸದ ಹೊರೆ ಹೆಚ್ಚಿದೆ ಎಂಬುದು ಅದರ ಹಿಂದಿದ್ದ ಮೂಲ ದೂರು. ಮರುದಿನ, ನವೆಂಬರ್ 10ರಂದು, ಕಂಪನಿ ಬೀಗಮುದ್ರೆ ಘೋಷಿಸಿತು. ರಾಜ್ಯ ಸರ್ಕಾರ ಮುಷ್ಕರ ಮತ್ತು ಬೀಗಮುದ್ರೆ ಎರಡನ್ನೂ ನಿಷೇಧಿಸಿತು. ಸ್ವಲ್ಪ ದಿನದಲ್ಲೇ ಮತ್ತೆ ಬೀಗ. ಜನವರಿಯಲ್ಲಿ ಅದು ತೆರೆದಾಗಲೂ ಒಳ್ಳೆಯ ನಡತೆಯ ಪತ್ರಕ್ಕೆ ಸಹಿ ಹಾಕಿದವರಿಗೆ ಮಾತ್ರ ದಾರಿ ಎಂಬ ಷರತ್ತು. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರ ಹೋರಾಟ 2021ರ ಮಾರ್ಚ್‌ವರೆಗೆ ಎಳೆಯಿತು. ಹತ್ತಾರು ಮಂದಿ ಸಸ್ಪೆಂಡ್ ಆಗಿ ಹೊರಗುಳಿದರು. ಬೀಗಮುದ್ರೆಯ ನಡುವೆ ಕಂಪನಿ ಸೀಮಿತ ಸಂಖ್ಯೆಯ ಸಿಬ್ಬಂದಿಯಿಂದ ಉತ್ಪಾದನೆ ಮುಂದುವರಿಸಿತು. ಕಾಯಂ ಕಾರ್ಮಿಕ ಹೊರಗಿದ್ದಾಗಲೂ ಲೈನ್ ಓಡಿಸಬಲ್ಲೆ ಎಂಬ ಧೈರ್ಯ ಬಂದ ಮೇಲೆ ಬೀಗ ಹಾಕುವ ಕೈ ನಡುಗುವುದಿಲ್ಲ.

2020ರ ಜೂನ್‌ನಲ್ಲಿ, ಕೊರೊನಾ ಲಾಕ್‌ಡೌನ್ ಸಡಿಲವಾದ ಹೊತ್ತಿಗೆ, ಶ್ರೀರಂಗಪಟ್ಟಣದ ಯೂರೋ ಕ್ಲೋಥಿಂಗ್ ಕಂಪನಿ-2 ಎಂಬ ಘಟಕದಿಂದ ಹೊಲಿಗೆ ಯಂತ್ರಗಳನ್ನು ಸಾಗಿಸಲು ಶುರುವಾಯಿತು. ಗೋಕುಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಆ ಘಟಕದಲ್ಲಿ 1,200ಕ್ಕೂ ಹೆಚ್ಚು ಜನ ಇದ್ದರು, ಬಹುಪಾಲು ಹೆಣ್ಣುಮಕ್ಕಳು. ಅವರಲ್ಲಿ ಹೆಚ್ಚಿನವರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಸದಸ್ಯರು. ಆರ್ಡರ್ ಇಲ್ಲ, ಘಟಕ ಮುಚ್ಚುತ್ತೇವೆ ಎಂದಿತು ಕಂಪನಿ. ಕಂಪನಿಗೆ ಇಷ್ಟೊಂದು ಘಟಕಗಳಿರುವಾಗ ಸಂಘ ಗಟ್ಟಿಯಾಗಿರುವ ನಮ್ಮದೇ ಏಕೆ ಮುಚ್ಚಬೇಕು ಎಂದರು ಕಾರ್ಮಿಕರು. ಯಂತ್ರಗಳು ಹೊರಹೋಗದಂತೆ ವಾರಗಟ್ಟಲೆ ಗೇಟಿನಲ್ಲಿ ಕೂತರು. ಅವರು ಹೊಲಿಯುತ್ತಿದ್ದ ಬಟ್ಟೆ ಎಚ್ ಅಂಡ್ ಎಂ ಬ್ರ್ಯಾಂಡಿನದು. ಹೀಗಾಗಿ ಸುದ್ದಿ ಕಾವೇರಿ ದಾಟಿ ಯುರೋಪಿಗೂ ಹೋಯಿತು. 2021ರ ಆರಂಭದಲ್ಲಿ ಒಪ್ಪಂದವಾಗಿ, ಬೇಕೆಂದವರಿಗೆ ಕಂಪನಿಯ ಬೇರೆ ಘಟಕಗಳಲ್ಲಿ ಕೆಲಸ, ಸಂಘಕ್ಕೆ ಮಾನ್ಯತೆ ಸಿಕ್ಕಿತು. ಮುಚ್ಚಿದ ಘಟಕ ಮಾತ್ರ ತೆರೆಯಲಿಲ್ಲ.

ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ 8ನೇ ಘಟಕದಲ್ಲಿ 2018ರಲ್ಲಿ ನಡೆದದ್ದೂ ಇದೇ ಬಗೆಯದು. ಸಂಬಳ ಹೆಚ್ಚಳ ಮತ್ತು ಕುಡಿಯುವ ನೀರಿನಂಥ ಬೇಡಿಕೆಯ ಮನವಿಗೆ ಸಹಿ ಸಂಗ್ರಹಿಸಿದ ಕಾರ್ಮಿಕರ ಮೇಲೆ ಹಲ್ಲೆ, ಜಾತಿ ನಿಂದನೆ, ಬೆದರಿಕೆ ನಡೆಯಿತು ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ತನ್ನ ತನಿಖಾ ವರದಿಯಲ್ಲಿ ದಾಖಲಿಸಿತು. ವರದಿ ಮತ್ತು ಬ್ರ್ಯಾಂಡ್‌ಗಳ ಒತ್ತಡದ ನಂತರ ಕಂಪನಿ 15 ಮಂದಿಯನ್ನು ವಾಪಸು ಸೇರಿಸಿಕೊಂಡು, ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. ಎರಡೂ ಪ್ರಕರಣದಲ್ಲಿ ತಕ್ಕಡಿ ವಾಲಿಸಿದ್ದು ಬೆಂಗಳೂರಿನ ಕಾರ್ಮಿಕ ಭವನ ಅಲ್ಲ, ಸಾವಿರಾರು ಮೈಲಿ ದೂರದ ಖರೀದಿದಾರ. ನಮ್ಮ ಕಾರ್ಮಿಕ ಇಲಾಖೆಗೆ ಇದು ಹೆಮ್ಮೆಯ ವಿಷಯವಲ್ಲ. ವಿದೇಶಕ್ಕೆ ಬಟ್ಟೆ ಕಳಿಸದ, ಊರಿನ ಸಣ್ಣ ಕಾರ್ಖಾನೆಯ ಕಾರ್ಮಿಕನ ಗತಿ ಏನು ಎಂಬುದನ್ನೂ ಇದು ಹೇಳುತ್ತದೆ.

ಮಾಲೀಕರ ಮಾತೂ ಕೇಳೋಣ

ಮಾಲೀಕರ ಬಳಿ ವಾದವಿಲ್ಲ ಎಂದಲ್ಲ. ಹೊರಗಿನ ರಾಜಕೀಯ ಪಕ್ಷಗಳ ನಾಯಕರು ಬಂದು ಕಾರ್ಖಾನೆಯ ಹಣೆಬರಹ ಬರೆಯುತ್ತಾರೆ, ಒಂದು ಸಂಘದ ಜೊತೆ ಒಪ್ಪಂದ ಮಾಡಿಕೊಂಡರೆ ಇನ್ನೊಂದು ಹುಟ್ಟುತ್ತದೆ, ಗಡುವಿಗೆ ಸರಕು ಕಳಿಸದಿದ್ದರೆ ಆರ್ಡರ್ ಬಾಂಗ್ಲಾಕ್ಕೆ ಹೋಗುತ್ತದೆ ಎನ್ನುತ್ತಾರೆ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಶುರುವಾದ ಮುಂಬೈ ಗಿರಣಿ ಮುಷ್ಕರವನ್ನು ನೆನಪಿಸುತ್ತಾರೆ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಆ ಮುಷ್ಕರ ಗೆಲ್ಲದೆ ಕರಗಿಹೋಯಿತು, ಗಿರಣಿಗಳೂ ಉಳಿಯಲಿಲ್ಲ. ಈ ಆತಂಕಗಳಲ್ಲಿ ಹುರುಳಿದೆ. ಗಡುವು ಮೀರಿದ ಸರಕಿಗೆ ಬ್ರ್ಯಾಂಡ್‌ಗಳು ದರ ಕಡಿತ ಮಾಡುತ್ತವೆ ಎಂಬುದೂ ನಿಜ.

ಆದರೆ ಆ ಮುಂಬೈ ಮುಷ್ಕರವನ್ನೇ ಪೂರ್ತಿ ಓದಬೇಕು. ಗಿರಣಿಗಳಲ್ಲಿ ಕಾನೂನಿನ ಮಾನ್ಯತೆ ಇದ್ದದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ಆ ಸಂಘದ ಮೇಲೆ ವಿಶ್ವಾಸ ಕಳೆದುಕೊಂಡೇ ಸಾಮಂತ್ ಬಳಿ ಹೋದರು. ಕಾರ್ಮಿಕರ ಒಪ್ಪಿಗೆ ಇಲ್ಲದ ಸಂಘವನ್ನು ಅವರ ತಲೆಗೆ ಕಟ್ಟಿದರೆ ಏನಾಗುತ್ತದೆ ಎಂಬುದು ಆ ಮುಷ್ಕರದ ಮುಖ್ಯ ಪಾಠ.

ಹೊರಗಿನವರ ಮೇಲಿನ ದೂರಿನದೂ ಇದೇ ಕಥೆ. ಒಳಗಿನವನು ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಹಾಗಾಗಿ ಕೆಲಸ ಹೋಗುವ ಭಯವಿಲ್ಲದ ಹೊರಗಿನವನನ್ನು ಕಾರ್ಮಿಕರು ಕರೆತರುತ್ತಾರೆ. ವಾಡಿಯಾ ಬಂದದ್ದೂ ಹೀಗೆಯೇ. ಹೊರಗಿನವರು ಬೇಡ ಎನ್ನುವ ಮಾಲೀಕ ಒಳಗಿನವರಿಗೆ ಅಭಯ ಕೊಡಬೇಕು. ಎರಡನ್ನೂ ಬೇಡ ಎಂದರೆ ಅದರ ಅರ್ಥ ಒಂದೇ, ಮಾತೇ ಬೇಡ.

ಮಾತೇ ಬೇಡ ಎಂದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಮೈಸೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಅವರನ್ನು ಕೆರಳಿಸಿತ್ತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಬಸ್ಸುಗಳು ಉರಿದವು, ಪೊಲೀಸರು ಲಾಠಿ ಬೀಸಿದರು, ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜು, ಯಂತ್ರಗಳು ಪುಡಿಯಾದವು. ದುಡಿಯುತ್ತಿದ್ದವರಲ್ಲಿ ಬಹುತೇಕರು ಗುತ್ತಿಗೆಯವರು. ಸಂಬಳ ಸರಿಯಾಗಿ ಬಂದಿರಲಿಲ್ಲ, ಹೇಳಿಕೊಳ್ಳಲು ಸಂಘವಿರಲಿಲ್ಲ. ಸಂಬಳ ಪಾವತಿಯಲ್ಲಿ ಲೋಪವಾದದ್ದನ್ನು ಕೊನೆಗೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಸಂಘವಿದ್ದಿದ್ದರೆ ಅದೇ ದೂರು ಒಂದು ಪತ್ರವಾಗಿ ಮೇಜಿನ ಮೇಲೆ ಬರುತ್ತಿತ್ತು.

ಎ.ಸಿ. ಕಚೇರಿಗಳಲ್ಲೂ ಮಾಲೀಕರ ನಿಲುವು ಬೇರೆಯಲ್ಲ, ದನಿ ಮಾತ್ರ ಮೆತ್ತಗೆ. 2017ರಲ್ಲಿ ಐಟಿ ವಲಯದ ಕೆಲಸಗಾರರು ರಾಜ್ಯದಲ್ಲಿ ‘ಕಿಟು’ ಸಂಘ ಕಟ್ಟಿದರು. ಆದರೆ ಕೆಲಸದ ಷರತ್ತುಗಳನ್ನು ಬರೆದು ಪ್ರಮಾಣೀಕರಿಸಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂತು. ಇಲ್ಲಿ ಸಂಘ ಸೇರುವವನನ್ನು ಯಾರೂ ಗದರಿಸುವುದಿಲ್ಲ. ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡುತ್ತೇವೆ ಎನ್ನುವುದೇ ಸಾಕಾಗುತ್ತದೆ.

ಹೊಸ ಸಂಹಿತೆ, ಹಳೆಯ ಅಂತರ

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಒಂದು ಮುಖ್ಯವಾದ ಒಳ್ಳೆಯ ಅಂಶವಿದೆ. ಮೊದಲ ಬಾರಿಗೆ ದೇಶದಾದ್ಯಂತ ‘ಮಾತುಕತೆಯ ಸಂಘ’ ಎಂಬುದಕ್ಕೆ ಕಾನೂನಿನ ಮಾನ್ಯತೆ ಬಂತು. ಹಲವು ಸಂಘಗಳಿದ್ದಲ್ಲಿ ಹಾಜರಿಪಟ್ಟಿಯ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಪ್ರತಿನಿಧಿ; ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ 20ರಷ್ಟು ಬೆಂಬಲವಿರುವ ಸಂಘಗಳ ಮಂಡಳಿ. ಅನುಚಿತ ಪದ್ಧತಿಗೆ ದಂಡವೂ ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ಏರಿದೆ. 1947ರಲ್ಲಿ ಕಪಾಟು ಸೇರಿದ ಯೋಚನೆಗೆ ತಡವಾಗಿಯಾದರೂ ಗಾಳಿ ತಾಗಿತು.

ಅದೇ ಸಂಹಿತೆ ಇನ್ನೊಂದು ಕೈಯಿಂದ ಕಿತ್ತುಕೊಂಡದ್ದೂ ಇದೆ. ಯಾವುದೇ ಕಾರ್ಖಾನೆಯಲ್ಲಿ 14 ದಿನದ ನೋಟಿಸು ಇಲ್ಲದೆ ಮುಷ್ಕರ ಮಾಡುವಂತಿಲ್ಲ. ಅರ್ಧಕ್ಕರ್ಧ ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಸರ್ಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚುವ ಸ್ವಾತಂತ್ರ್ಯ ನೂರಕ್ಕಿಂತ ಕಡಿಮೆ ಜನರಿರುವಲ್ಲಿ ಮಾತ್ರ ಇತ್ತು. ಈಗ ಆ ಗೆರೆ 300ಕ್ಕೆ ಏರಿದೆ. ನಿಗದಿತ ಅವಧಿಯ ನೇಮಕಾತಿಗೆ ಕಾನೂನಿನ ಮುದ್ರೆ ಬಿದ್ದಿದೆ. ಅವಧಿ ಮುಗಿದವನನ್ನು ವಜಾ ಮಾಡಬೇಕಾಗಿಲ್ಲ, ನವೀಕರಿಸದಿದ್ದರೆ ಸಾಕು. ಗುತ್ತಿಗೆದಾರನ ಹಾಜರಿಪಟ್ಟಿಯಲ್ಲಿರುವವರು ಮೂಲ ಕಂಪನಿಯ ಶೇ 51ರ ಲೆಕ್ಕಕ್ಕೆ ಬರುವುದೂ ಕಷ್ಟ. ಕಾಯಂ ಕಾರ್ಮಿಕರು ಕಡಿಮೆಯಾದಷ್ಟೂ ಸಂಘ ಗೆದ್ದರೂ ಕಿರಿದಾಗುತ್ತದೆ.

ಮಾತುಕತೆಯನ್ನು ಕಾನೂನೇ ಕಡ್ಡಾಯ ಮಾಡಿದರೂ ಗಡುವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಉದಾಹರಣೆ. ಅಲ್ಲಿ 1935ರ ಕಾಯ್ದೆಯ ಪ್ರಕಾರ, ಗೆದ್ದ ಸಂಘದ ಜೊತೆ ಮಾಲೀಕ ಸದುದ್ದೇಶದಿಂದ ಚೌಕಾಸಿ ಮಾಡಲೇಬೇಕು. 2022ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನ ಅಮೆಜಾನ್ ಗೋದಾಮಿನ ಕೆಲಸಗಾರರು ಮತದಾನದಲ್ಲಿ ಗೆದ್ದರು. ಫಲಿತಾಂಶವನ್ನೇ ಪ್ರಶ್ನಿಸಿದ ಕಂಪನಿ ವರ್ಷಗಳು ಉರುಳಿದರೂ ಒಪ್ಪಂದದ ಮೇಜಿಗೆ ಬರಲಿಲ್ಲ.

ಮಾತುಕತೆ ಸಾಧ್ಯ ಎಂದು ತೋರಿಸಿದವರೂ ನಮ್ಮ ನೆರೆಯಲ್ಲೇ ಇದ್ದಾರೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕಳೊಬ್ಬಳ ಕೊಲೆಯ ನಂತರ, ದಲಿತ ಮಹಿಳೆಯರೇ ಮುಂದಾಳುಗಳಾಗಿರುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ 2022ರಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಮತ್ತು ಎಚ್ ಅಂಡ್ ಎಂ ಜೊತೆ ಪಾಲಿಸಲೇಬೇಕಾದ ಒಪ್ಪಂದಗಳನ್ನು ಮಾಡಿಕೊಂಡಿತು. ಲೈಂಗಿಕ ಕಿರುಕುಳ ಕಂಡರೆ ದೂರುವ ತರಬೇತಿ ಪಡೆದ ಕಾರ್ಮಿಕರು ಅಲ್ಲಿ ಲೈನಿನಲ್ಲೇ ಇದ್ದಾರೆ, ದೂರಿದ್ದಕ್ಕೆ ಸೇಡು ತೀರಿಸುವಂತಿಲ್ಲ. ಸಂಘ ಬಂದರೆ ಕಾರ್ಖಾನೆ ಹಾಳಾಗುತ್ತದೆ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಬಹುದು.

ಹಾಗಾದರೆ ಕರ್ನಾಟಕ ಸರ್ಕಾರ ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಸಂಘದ ನೋಂದಣಿ ಅರ್ಜಿಗೆ ದಿನ ಎಣಿಸಿದ ಗಡುವು ಇರಲಿ. ಗಡುವು ದಾಟಿದರೆ ನೋಂದಣಿಯಾಯಿತೆಂದೇ ಲೆಕ್ಕವಾಗಲಿ. ಸಹಿ ಹಾಕಿದವರ ಹೆಸರು ಇಲಾಖೆಯಿಂದ ಆಡಳಿತ ವರ್ಗಕ್ಕೆ ಹೋಗದಿರಲಿ. ಬೆಂಬಲ ಎಷ್ಟಿದೆ ಎಂಬುದನ್ನು ಗುಪ್ತ ಮತದಾನ ಹೇಳಲಿ, ಅದರಲ್ಲಿ ಗುತ್ತಿಗೆಯವರಿಗೂ ಮತವಿರಲಿ. ಅರ್ಜಿ ಬಾಕಿ ಇರುವಾಗ ಪದಾಧಿಕಾರಿಯನ್ನು ತೆಗೆದರೆ, ಆ ಪ್ರಕರಣ ಉಳಿದೆಲ್ಲ ಕಡತಗಳಿಗಿಂತ ಮೊದಲು, ತಿಂಗಳುಗಳಲ್ಲಿ ಇತ್ಯರ್ಥವಾಗಲಿ. ಕೈಗಾರಿಕೆಗಳಿಗೆ ಏಕಗವಾಕ್ಷಿಯಲ್ಲಿ ಅನುಮತಿ ಕೊಡಲು ದಿನ ನಿಗದಿ ಮಾಡಬಲ್ಲ ಸರ್ಕಾರಕ್ಕೆ ಕಾರ್ಮಿಕರ ಅರ್ಜಿಗೆ ದಿನ ನಿಗದಿ ಮಾಡಲು ಆಗದು ಎಂದರೆ ನಂಬುವುದು ಕಷ್ಟ.

ಸಂಘದ ಜೊತೆ ಯಾವಾಗ ಮಾತಾಡಬೇಕು ಎಂಬುದನ್ನು ಮಾಲೀಕನೇ ತೀರ್ಮಾನಿಸುವ ತನಕ, ಸಂಘ ಕಟ್ಟುವ ಹಕ್ಕು ಕಾಯಲು ಶಕ್ತಿ ಇರುವವರ ಹಕ್ಕಾಗಿಯೇ ಉಳಿಯುತ್ತದೆ. ಆ ಶಕ್ತಿ ಇದ್ದಿದ್ದರೆ ಕಾರ್ಮಿಕನಿಗೆ ಸಂಘದ ಅಗತ್ಯವೇ ಇರುತ್ತಿರಲಿಲ್ಲ.